ಇಟಲಿಯಲ್ಲಿ ತವರಿದ್ದ ಮಾವ

ಸಮತಟ್ಟಾದ ರಸ್ತೆಯಲ್ಲೂ ಅವರು ಗುಡ್ಡ ಹತ್ತುವವರ ಹಾಗೆ ನಡೆಯುತ್ತಿದ್ದರು. ಎದೆ ಮುಂದಕ್ಕೆ ಬಾಗಿ, ಕೈಗಳೆರಡೂ ಬೆನ್ನ ಹಿಂದೆ, ಮಂಡಿ ಬೇಕಾದ್ದಕ್ಕಿಂತ ಹೆಚ್ಚೇ ಮೇಲೆದ್ದು. ರಾಬರ್ಟ್‌ಸನ್‌ಪೇಟೆಯಲ್ಲಿ ಎಷ್ಟು ಜನಸಂದಣಿ ಇದ್ದರೂ ನಾನು ದೂರದಿಂದಲೇ ಅವರನ್ನು ಗುರುತಿಸುತ್ತಿದ್ದೆ. ಕೋರಮಂಡಲ್‌ನ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಬೂದಿಕೋಟೆ ಕಡೆಯವರು, ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸ. ಅದಕ್ಕೂ ಮೊದಲು ಯುದ್ಧಕಾಲದಲ್ಲಿ ಸೈನ್ಯ ಸೇರಿ ಇಟಲಿಯಲ್ಲಿ ಸೇತುವೆ ಕಟ್ಟಿ ಬಂದಿದ್ದರು. ಹಾಗಾಗಿ ನಮಗೆಲ್ಲ ಮಿಲ್ಟ್ರಿ ಮಾವ.

ಅಲ್ಲಿ ಬೆಟ್ಟದ ನೆತ್ತಿಯ ಮೇಲಿನ ಒಂದು ಹಳೇ ಊರಿನಲ್ಲಿ ಅವರು ಒಂದು ಚಳಿಗಾಲ ಕಳೆದಿದ್ದರು. ಆ ಊರಿನ ಹೆಸರು ಅವರ ಬಾಯಲ್ಲಿ ಚೆಂದ, ನನ್ನ ನಾಲಿಗೆ ಇವತ್ತಿಗೂ ತಿರುಗುವುದಿಲ್ಲ. ಊರಿಗೆಲ್ಲ ಒಂದೇ ಕೋಟೆ ಬಾಗಿಲು, ಬೀದಿಗಳೆಲ್ಲ ಕಲ್ಲಿನ ಮೆಟ್ಟಿಲು. "ಯಾವ್ ಕಾಲ್ದಿಂದ ತುಳ್ದವ್ರೋ, ಮೆಟ್ಲು ನಡೂಕ್ಕೆ ಸವ್ದು ಗುಂಡಿ ಬಿದ್ದೈತೆ. ಮಳೆ ನೀರು ನಿಂತ್ರೆ ಗುಬ್ಬಿ ಬಂದು ಕುಡೀತಿದ್ವು," ಎನ್ನುತ್ತಿದ್ದರು.

ಅವರು ಉಳಿದುಕೊಂಡಿದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅವರ ಒದ್ದೆ ಕಾಲುಚೀಲಗಳನ್ನು ಅಜ್ಜಿ ಒಲೆಯ ಪಕ್ಕ ಒಣಗಿಸಿಕೊಡುತ್ತಿದ್ದಳಂತೆ. ಅವಳು ಮುಸುಕಿನ ಜೋಳದ ಹಿಟ್ಟು ತೊಳಸಿ ಹಲಗೆ ಮೇಲೆ ಸುರಿದಾಗ ಮಾವ ಕುಣಿದಾಡಿದರಂತೆ. "ಅಳದಿ ಮುದ್ದೆ ಕಣಮ್ಮಣ್ಣಿ. ನಾನು ಅಗೀದೆ ನುಂಗಿದ್ದು ನೋಡಿ ಅಜ್ಜಿ ಗಾಬ್ರಿ ಬಿದ್ದು ಬೆನ್ ತಟ್ತು." ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡಿದ್ದವರಿಗೆ ಆ ಬೆನ್ನು ತಟ್ಟಿದ ಕೈ ಮರೆತುಹೋಗಲಿಲ್ಲ. ಅವರ ಹೆಂಡತಿ ಛೇಡಿಸದೆ ಬಿಡುತ್ತಿರಲಿಲ್ಲ: "ಬ್ಯಾರೆ ಗಂಡಸ್ರಿಗೆ ಮಾವನ್ ಮನೆ ಐತೆ. ಇವ್ರಿಗೆ ತವರೈತೆ, ಅದೂ ಇಟಲೀಲಿ."

ಮಾವ ನಗುತ್ತಿದ್ದರು. ಆದರೆ ಒಂದು ಕೊರಗು ಅವರನ್ನು ತಿನ್ನುತ್ತಿತ್ತು. ಊರು ಬಿಡುವ ಬೆಳಿಗ್ಗೆ ಅವರು ಮೆಟ್ಟಿಲಿಳಿಯುತ್ತಿದ್ದಾಗ ಅಜ್ಜಿ ಹಿಂದಿನಿಂದ ಕೂಗಿದಳು. ಹೊರಟವರನ್ನು ಹಿಂದಿನಿಂದ ಕರೆಯುವುದು ನಮ್ಮಲ್ಲಿ ಅಪಶಕುನ; ಕರೆದರೆ ವಾಪಸು ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಲಾರಿ ಕಾಯುತ್ತಿತ್ತು, ವಾಪಸು ಹೋಗಿ ಕೂರಲು ಹೊತ್ತಿರಲಿಲ್ಲ, ಮುಂದೆ ಗುಂಡು ಹಾರುವ ಹೊಳೆದಂಡೆ. "ಜೀವದ್ ಭಯ. ತಿರುಗಿದ್ರೆ ಅಪಶಕುನ ತಟ್ತೈತೆ ಅಂತ ಕೇಳಿಸ್ದೇ ಇರೋನಂಗೆ ಇಳ್ದ್ ಬಂದ್ಬಿಟ್ಟೆ. ಮತ್ತೂ ಕೂಗ್ತಾನೇ ಇತ್ತು. ಏನಕ್ ಕೂಗ್ತೋ ಏನೋ. ಒಂದ್ಸಲ ಓಗಿ ಕೇಳ್ಬೇಕು ಕಣಮ್ಮ." ಬಂಗಾರಪೇಟೆಯಿಂದ ರೈಲು, ಬೊಂಬಾಯಿಯಿಂದ ಹಡಗು, ಆಮೇಲೆ ಬೆಟ್ಟದ ಕಾಲುದಾರಿ. ದಾರಿಯನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಗಣಿಯ ಸಂಬಳದಲ್ಲಿ ಅದು ಆಗುವ ಮಾತಲ್ಲವೆಂದು ಅವರಿಗೂ ಗೊತ್ತಿತ್ತು.

ಆಗ ನಮ್ಮ ಗಣಿಯಲ್ಲಿ ಇಟಲಿಯವನೇ ಒಬ್ಬ ದೊರೆ, ಬಿಳಿಯ ಮೇಲಧಿಕಾರಿ, ಇದ್ದ. ಅವನು ರಜೆಗೆ ಊರಿಗೆ ಹೊರಟಾಗ ಮಾವ ಕೈಮುಗಿದು ಕೇಳಿಕೊಂಡರು. ಪುಣ್ಯಾತ್ಮ, ತನ್ನದಲ್ಲದ ಆ ಊರಿಗೆ ನಿಜವಾಗಿಯೂ ಹೋಗಿಬಂದ. ಒಂದು ಸಂಜೆ ಲೈನಿಗೇ ಬಂದು, ಮಾವನ ಮಂಚದ ಮೇಲೆ ಕೂತು, ಗಣಿಯ ಕೆಲಸಗಾರರಿಂದ ಕಲಿತಿದ್ದ ಹರಕು ತಮಿಳಿನಲ್ಲಿ ಎಲ್ಲ ಹೇಳಿದ. ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಆ ಮನೆಯಲ್ಲೇ ಇದ್ದಳು, ಮುದ್ದೆ ನುಂಗಿದ ಸಿಪಾಯಿಯನ್ನು ಮರೆತಿರಲಿಲ್ಲ. ತನ್ನಮ್ಮ ಅವತ್ತು ಕೂಗಿದ್ದು ಏನಕ್ಕೂ ಅಲ್ಲವಂತೆ. ಹೋಗುವ ಮುಂಚೆ ಮುಖವನ್ನು ಇನ್ನೊಂದು ಸಲ ನೋಡೋಣ ಅಂತ, ಅಷ್ಟೇ.

"ತಿರುಗಿದ್ರೆ ನಂದೇನ್ ಓಗ್ತಿತ್ತು," ಎಂದರು ಮಾವ. ಆಮೇಲೆ ದಾರಿ ಒಪ್ಪಿಸುವುದನ್ನು ನಿಲ್ಲಿಸಿದರು. ಅವರು ಅತ್ತಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ನನಗೆ ಮದುವೆಯಾಯಿತು. ಹುಬ್ಬಳ್ಳಿಗೆ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಲೈನಿನ ಅರ್ಧ ಜನ ಬಂದಿದ್ದರು. ಎಲ್ಲರಿಗೂ ನಮಸ್ಕರಿಸಿ, ಗಂಡನ ಹಿಂದೆ ಡಬ್ಬಿಯತ್ತ ನಡೆದೆ. ಆಗ ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಜೋರಾಗಿ ಕೂಗಿದರು. ಮಾವನ ದನಿ.

"ಹೊರಟೋಳ್ನ ಹಿಂದಿನಿಂದ ಕರೀತಾರೇನಣ್ಣ?" ಅಮ್ಮ ರೇಗಿದಳು.

ನಾನು ತಿರುಗಿ ನಿಂತೆ. ಮಾವ ಕಣ್ತುಂಬ ನೋಡಿದರು. ನಾನೂ ನೋಡಿದೆ. "ಆಯ್ತು, ಓಗ್ಬಾಮ್ಮಣ್ಣಿ," ಎಂದರು.

ಆ ವರ್ಷವೇ ಹೋಗಿಬಿಟ್ಟರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅವರ ಒಂದು ಫೋಟೊ ಕೂಡ ಯಾರ ಮನೆಯಲ್ಲೂ ಇಲ್ಲ. ಅವತ್ತು ಅವರು ಕೂಗಿದ್ದರಿಂದ ಅವರ ಮುಖ ನನ್ನ ಹತ್ತಿರ ಉಳಿಯಿತು.