ಟೀಚರ್ ಎಣಿಸಿದ ಹದಿನಾಲ್ಕು ಮಾತ್ರೆ

ಅವರ ಎಡಗೈ ಹೆಬ್ಬೆರಳು ಸುಮ್ಮನಿರುತ್ತಲೇ ಇರಲಿಲ್ಲ. ಯಾರು ಪದ್ಯ ಓದಿದರೂ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಹತ್ತಿ ಇಳಿದು ಮಾತ್ರೆ ಎಣಿಸುತ್ತಿತ್ತು. ಬಲಗೈಯಲ್ಲಿ ಸದಾ ಸೀಮೆಸುಣ್ಣ ಹಿಡಿದು ಬಂದ ಅಭ್ಯಾಸ. ವಿಜಯನಗರದಲ್ಲಿ ನಮ್ಮ ಎದುರುಮನೆಯವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಇಡೀ ಬೀದಿಗೆ ಟೀಚರ್. ಭಜನೆಗೆಂದು ನಾನು ಗೀಚುತ್ತಿದ್ದ ಹಾಡುಗಳನ್ನು ತಿದ್ದಿಕೊಡುತ್ತಿದ್ದರು.

ನನ್ನ ಅಮ್ಮ ತೀರಿಕೊಂಡ ವರ್ಷ ಒಂದು ಪದ್ಯ ಬರೆದು ಒಯ್ದೆ. ಓದಿ ಮುಗಿಸುವಷ್ಟರಲ್ಲಿ ಅವರಿಗೆ ನಗು.

"ಅಮ್ಮ ಹೋದ್ರು ಅಂತೀಯ, ಕೋಲಾಟ ಆಡಿಸ್ತಿದೀಯಲ್ಲೇ. ಮೂರು ಮೂರು ಮಾತ್ರೆ ಕುಣಿಯುತ್ತೆ ಕಣೇ. ಮೂರು, ನಾಲ್ಕು, ಮೂರು, ನಾಲ್ಕು ಇಡು. ದುಃಖದಲ್ಲಿರೋರು ಸಮವಾಗಿ ಹೆಜ್ಜೆ ಹಾಕಲ್ಲ."

ಎರಡು ವಾರ ತಿದ್ದಿಸಿದರು. 'ಅಮ್ಮನಿಲ್ಲದ ಮನೆಯ ಹೊಸಿಲಲಿ' ಅಂತ ಮೊದಲ ಸಾಲು ನಿಂತಿತು. ಹದಿನಾಲ್ಕು ಮಾತ್ರೆ ಎಣಿಸಿ ಮುಗಿಸಿದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೆಟ್ರೋಗೆ ರಸ್ತೆ ಅಗೆಯಲು ಶುರುಮಾಡಿದ ಕಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿತ್ತು, ಮಾತು ನಿಂತಿತು. ಇವರಿಗೆ ಏನೂ ತಿಳಿಯೋದಿಲ್ಲ ಅಂದರು ಡಾಕ್ಟರು. ನಾವೂ ನಂಬಿದೆವು. ಟೀಚರ್ ಸೊಸೆ ಮಂಚದ ಪಕ್ಕದಲ್ಲೇ ನಿಂತು ತಂಗಿಗೆ ಫೋನಿನಲ್ಲಿ, ಇನ್ನೆಷ್ಟು ದಿನವೋ, ನನ್ನ ಬೆನ್ನು ಬಿದ್ದುಹೋಗಿದೆ ಅನ್ನುತ್ತಿದ್ದಳು. ನಾನು ದಿನಾ ಹೋಗಿ, ಅವರ ಹಣೆಗೆ ವಿಭೂತಿ ಹಚ್ಚಿ, ಎದುರಿಗೇ ದೇವರನ್ನು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದೆ: ಇವರನ್ನ ಬೇಗ ಕರ್ಕೊಂಡುಬಿಡಪ್ಪ ತಂದೆ.

ಅಮ್ಮನ ತಿಥಿ ಮುಗಿದ ಮರುದಿನ ಅವರ ಪಕ್ಕ ಕೂತು ಆ ಪದ್ಯ ಓದಿದೆ, ನನ್ನ ಸಮಾಧಾನಕ್ಕೆ. ಬಾಯಿ ತಪ್ಪಿ 'ಮನೆಯ' ಅನ್ನೋದು 'ಮನೆ' ಆಯಿತು. ಹೊದಿಕೆ ಮೇಲೆ ಏನೋ ಅಲ್ಲಾಡುತ್ತಿದ್ದದ್ದು ನಿಂತಂತಾಯಿತು. ನೋಡಿದರೆ, ಎಡಗೈ ಹೆಬ್ಬೆರಳು ಗೆಣ್ಣಿನ ಮೇಲೆ ತಡೆದಿದೆ, ಕಣ್ಣು ನನ್ನ ಮೇಲಿದೆ. ಸಾಲನ್ನು ಸರಿಯಾಗಿ ಓದಿದೆ. ಬೆರಳು ಮುಂದಕ್ಕೆ ಹೋಯಿತು. ಬೇಕೆಂದೇ ಮತ್ತೆ ತಪ್ಪಿದೆ. ನಿಂತಿತು.

ಗಂಜಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದ ಸೊಸೆ ನೋಡಿಬಿಟ್ಟಳು.

"ಆಂಟಿ, ಹಾಗಾದ್ರೆ ಅತ್ತೆಗೆ ಇಷ್ಟು ದಿನ ಎಲ್ಲಾ ಕೇಳಿಸ್ತಿತ್ತಾ?"

ಅವಳು ಬಟ್ಟಲು ಕೆಳಗಿಟ್ಟು ಅತ್ತೆಯ ಪಾದ ಹಿಡಿದುಕೊಂಡು ಕೂತಳು. ಅಂದಿನಿಂದ ಪ್ರತಿ ಚಮಚಕ್ಕೂ ಉಪ್ಪು ಸಾಕಾ ಅತ್ತೆ, ಬಿಸಿ ಆಯ್ತಾ ಅತ್ತೆ ಅಂತ ಕೇಳಿ ಉಣಿಸುತ್ತಿದ್ದಳು. ನಲವತ್ತು ದಿನ ಹಾಗೆ ನಡೆದು ಟೀಚರ್ ಹೋದರು. ಆ ನಲವತ್ತು ದಿನ ಸಿಕ್ಕಿದ್ದು ದೇವರ ದಯೆ. ಅವಳಿಗೆ ಕ್ಷಮೆ ಸಿಕ್ಕಿತು ಅಂತಲೇ ನನ್ನ ನಂಬಿಕೆ.

ನಾನೂ ತಪ್ಪದೆ ಹೋದೆ, ತಲೆ ಬಾಚಿದೆ, ಪದ್ಯ ಓದಿದೆ. ತಪ್ಪಾಯ್ತು ಟೀಚರ್ ಅನ್ನಲು ಮಾತ್ರ ಬಾಯಿ ಬರಲೇ ಇಲ್ಲ. ಈಗ ಯಾರಿಗಾಗಿ ಬೇಡಿಕೊಂಡರೂ ಬಾಯಿಬಿಟ್ಟು ಬೇಡುವುದಿಲ್ಲ.