ಬ್ಯಾಟರಿಗೊಂದು ಜಾಗ

ನಮ್ಮ ಮನೆಗೆ ಬಂದವರಿಗೆ ಕುರ್ಚಿ ಸಿಗುವುದು ತಡವಾದೀತು. ಆದರೆ ಹಜಾರದ ಕಿಟಕಿಯ ಪಕ್ಕದ ಒಳ್ಳೆಯ ಮೂಲೆಯಲ್ಲಿ ಇನ್ವರ್ಟರಿನ ಬ್ಯಾಟರಿ ಮಾತ್ರ ಮನೆಯ ಹಿರಿಯನಂತೆ ಸದಾ ಆಸೀನವಾಗಿರುತ್ತದೆ. ಈ ಪೀಠಾರೋಹಣಕ್ಕೊಂದು ಪೂರ್ವಕಥೆಯಿದೆ.

ಕಾಫಿಸೀಮೆಯ ನಮ್ಮ ಬಣಕಲ್ ಕಡೆ ಗಾಳಿ ಬೀಸುವ ಮೊದಲೇ ಕರೆಂಟು ಹೋಗುವುದು ನಿಮಗೂ ಗೊತ್ತಿದ್ದೀತು. ಕತ್ತಲೆಯ ಚಿಂತೆ ನನಗಿಲ್ಲ. ಆದರೆ ನಮ್ಮೊಡನಿರುವ ನನ್ನ ಅಕ್ಕನ ಉಸಿರು ಈಚೆಗೆ ಆಕ್ಸಿಜನ್ ಯಂತ್ರವನ್ನು ನಂಬಿಕೊಂಡಿದೆ, ಯಂತ್ರ ಕರೆಂಟನ್ನು ನಂಬಿಕೊಂಡಿದೆ, ಕರೆಂಟು ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ಬ್ಯಾಟರಿ ಬಂತು, ಅದಕ್ಕೊಂದು ಸುರಕ್ಷಿತ ಸ್ಥಾನ ಹುಡುಕುವ ಘನಕಾರ್ಯ ನನ್ನ ಪಾಲಿಗೆ ಬಂತು. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ದೇವರ ಕೋಣೆಯಲ್ಲಿ ನಂದಾದೀಪ. ಬ್ಯಾಟರಿಗೆ ಬೆಂಕಿಯ ಸಹವಾಸ ಸಲ್ಲದು. ಕೊನೆಗೆ ಕಾಫಿ ಬೆಳೆಗಾರನ ಬುದ್ಧಿ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು: ಮನೆಗೆ ಅಂಟಿಕೊಂಡ ಗೋದಾಮು. ಕಾಫಿಬೀಜ, ಕಾಳುಮೆಣಸು, ನಮ್ಮಲ್ಲಿ ಬೆಲೆಬಾಳುವುದೆಲ್ಲ ಥಂಡಿ ಗಾಳಿ ಸೋಕದಂತೆ ಬೀಗದೊಳಗೆ ಇರುವುದು ಅಲ್ಲೇ. ಅದೇ ನ್ಯಾಯದಂತೆ ಅಕ್ಕನನ್ನೂ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಬೆಚ್ಚಗೆ ಇಟ್ಟಿದ್ದೆವು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರೂ ಒಮ್ಮೆ ಕಿರುಚಿ ಸುಮ್ಮನಾಯಿತು, ಯಂತ್ರ ನಿಂತಿತು. ಓಡಿದರೆ ಗೋದಾಮಿಗೆ ಬೀಗ, ಬೀಗದ ಕೈ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೇಬಿನಲ್ಲಿ, ರೈಟರು ಸಂತೆಯಲ್ಲಿ. ಒಳಗೆ ಅಕ್ಕನ ತುಟಿ ನೀಲಿಗಟ್ಟುತ್ತಿತ್ತು. ಮೊರದಿಂದ ಗಾಳಿ ಬೀಸುತ್ತಿದ್ದ ಹೆಂಡತಿ ಕೂಗಿದಳು: "ಬೀಗ ಒಡೀರಿ ಮೊದ್ಲು! ರೈಟ್ರನ್ನ ಆಮೇಲೆ ಬೈದ್ರಾಯ್ತು!"

ಹಾರೆಯಿಂದ ಒಡೆದೆ. ಹುಳಿ ವಾಸನೆ ಮುಖಕ್ಕೆ ರಾಚಿತು. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವ ಅನಿಲ ಹೊರದಾರಿಯಿಲ್ಲದೆ ಒಳಗೇ ತುಂಬಿಕೊಂಡಿತ್ತು. ಬಾಗಿಲು ಹಾರುಹೊಡೆದು, ಸಡಿಲಾಗಿದ್ದ ವಯರು ಬಿಗಿದೆ. ಯಂತ್ರ ಮತ್ತೆ ಗುಂಯ್‌ಗುಟ್ಟಿತು.

ಮರುದಿನ ಬ್ಯಾಟರಿಯನ್ನು ಹಜಾರಕ್ಕೆ ತಂದು, ಕಿಟಕಿ ತೆರೆದು, ಇದಕ್ಕೆ ಗಾಳಿ ಬೇಕು, ಇದು ಎಲ್ಲರ ಕಣ್ಣೆದುರು ಇರಬೇಕು ಎಂದು ಮನೆಮಂದಿಗೆಲ್ಲ ಉಪನ್ಯಾಸ ಕೊಡುತ್ತಿದ್ದೆ. ಒಳಕೋಣೆಯಿಂದ ಅಕ್ಕನ ದನಿ ಬಂತು.

"ನಂಗೆ ಬೇಡ್ವಾ ಮಾರಾಯ?"

ನನಗೆ ನಾಚಿಕೆಯಾಯಿತು. ಕಾಪಾಡುವುದೆಂದರೆ ಬೀಗ ಹಾಕುವುದು ಎಂದೇ ತಿಳಿದ ಕುಲ ನಮ್ಮದು. ಕಾಫಿಗೆ ಅದು ಸರಿ, ಉಸಿರಾಡುವವರಿಗಲ್ಲ.

ಬ್ಯಾಟರಿಯದು ಒಳ್ಳೆಯ ಮೂಲೆ ಎಂದೆನಲ್ಲ, ಅತ್ಯುತ್ತಮವಾದದ್ದು ಎದುರು ತುದಿಯ ದೊಡ್ಡ ಕಿಟಕಿಯದು. ಅಲ್ಲೀಗ ಅಕ್ಕನ ಮಂಚವಿದೆ. ಬಂದವರನ್ನು ಮೊದಲು ಮಾತಾಡಿಸುವುದು ಅವಳೇ. ನಿಮಗೆ ಕುರ್ಚಿ ಸಿಗದಿದ್ದರೆ ನನ್ನೊಡನೆ ಮೆಟ್ಟಿಲ ಮೇಲೆ ಕೂರಿ. ಅವಳ ನಗು ಅಲ್ಲಿಗೂ ಕೇಳಿಸುತ್ತದೆ.