ಅವ್ವನ ಭಾನುವಾರಕ್ಕೊಂದು ಪ್ಯಾಕು

ಬಟ್ಟೆ ಅಂಗಡಿ ಇಟ್ಟವನಿಗೆ ಒಂದು ಜಂಬ ಇರುತ್ತದೆ. ಯಾವ ವಸ್ತುವಾದರೂ ಸರಿ, ಕೈಯಲ್ಲಿ ಹಿಡಿದ ಕೂಡಲೇ ಅದರ ಯೋಗ್ಯತೆ ಹೇಳಬಲ್ಲೆ ಎಂದು. ನನಗೂ ಇತ್ತು. ಅದನ್ನು ಇಳಿಸಿದ್ದು ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು ಮತ್ತು ಅವನ್ನು ಆಡಿಸುತ್ತಿದ್ದ ನಮ್ಮ ಅವ್ವ.

ಆಟ ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಟಿವಿಗೆ ಜೋಡಿಸುವ ಗೇಮಿನ ಡಬ್ಬಿ, ಅದಕ್ಕೆ ವೈರಿನಿಂದ ಅಂಟಿಕೊಂಡ ದುಂಡನೆಯ ಪೀಠ. ಪೀಠದ ಮೇಲೆ ಗೊಂಬೆ ನಿಲ್ಲಿಸಿದರೆ ಅದೇ ಗೊಂಬೆ ಟಿವಿಯೊಳಗೆ ಎದ್ದು ಓಡಾಡುತ್ತದೆ. ನನ್ನ ಮಗ ಹಾಸ್ಟೆಲ್ಲಿಗೆ ಹೋಗುವಾಗ ಬಿಟ್ಟುಹೋದದ್ದು. ಮಂಡಿ ಆಪರೇಷನ್ ಆಗಿ ಕೂತಲ್ಲೇ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದ ಅವ್ವನಿಗೆ ಅದನ್ನು ಕಲಿಸಿದವಳು ನನ್ನ ಅಕ್ಕನ ಮಗಳು, ಹರಿಹರದ ಹತ್ತು ವರ್ಷದ ಪೋರಿ. ಭಾನುವಾರ ಬೆಳಿಗ್ಗೆ ಭಾವ ಅವಳನ್ನು ಬೈಕಿನಲ್ಲಿ ತಂದು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಗೇಟಿನಲ್ಲಿ ಇಳಿಸಿ ಹೋಗುತ್ತಿದ್ದರು. ಸಂಜೆಯವರೆಗೆ ಅಜ್ಜಿ ಮೊಮ್ಮಗಳದೇ ರಾಜ್ಯ. ನಾನು ಸುದ್ದಿ ನೋಡಬೇಕೆಂದರೆ ಪಕ್ಕದ ಮನೆಗೆ ಹೋಗಬೇಕು.

ಒಂದು ಭಾನುವಾರ ಆಟ ಮುಗಿದೇ ಹೋಯಿತು. ಟಿವಿಯಲ್ಲಿ ಪಟಾಕಿ ಹಾರಿದವು. ಹುಡುಗಿ ಕುಣಿದಳು. ಅವಳು ಹರಿಹರಕ್ಕೆ ಹೊರಟ ಮೇಲೆ ಅವ್ವ ಊಟಕ್ಕೇ ಏಳಲಿಲ್ಲ.

"ಯಾಕವ್ವ, ಗೆದ್ದಿದ್ದಕ್ಕ ಇಷ್ಟು ಬ್ಯಾಸರ ಏನು?" ಎಂದೆ.

"ಆಟ ಮುಗೀತಲ್ಲಪ್ಪ. ಇನ್ನ ಆಕಿ ಯಾಕ ಬರ್ತಾಳೆ? ಈ ಮುದುಕಿ ಮಾರಿ ನೋಡಾಕ?"

ಕೂಡಲೇ ಮಗನಿಗೆ ಫೋನ್ ಮಾಡಿದೆ. ಅದಕ್ಕೆ ಬೇರೆ ಪ್ಯಾಕುಗಳು ಸಿಗುತ್ತವೆ, ಹೊಸ ಗೊಂಬೆ ಜೊತೆಗೆ ಹೊಸ ಊರು ತೆರೆಯುತ್ತದೆ, ಆದರೆ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ, ಸೆಕೆಂಡ್ ಹ್ಯಾಂಡೇ ಗತಿ ಎಂದ.

ಹಳೇ ಊರಿನಲ್ಲಿ ಗೇಮು ರಿಪೇರಿ ಮಾಡುವ ಭಾಯಿಯೊಬ್ಬರ ಸಣ್ಣ ಅಂಗಡಿಯಿದೆ. ಅವರ ಬಳಿ ಮೂರು ಪ್ಯಾಕುಗಳಿದ್ದವು. ನಾನು ತಿರುಗಿಸಿ ಮುರುಗಿಸಿ ನೋಡಿದೆ, ಮೂಸಿಯೂ ನೋಡಿದೆ. ಏನೂ ತಿಳಿಯಲಿಲ್ಲ.

"ಮೂರೂ ಒಯ್ಯಿರಿ ಅಣ್ಣಾರೆ. ಆಡಿ ನೋಡ್ರಿ. ಪಸಂದ್ ಬಂದದ್ದು ಇಟ್ಕೊಳ್ರಿ, ಉಳಿದದ್ದು ವಾಪಸ್ ತರ್ರಿ" ಎಂದರು ಭಾಯಿ. ನಮ್ಮ ಅಂಗಡಿಯಿಂದ ಸೀರೆಗಳನ್ನು ಹೀಗೆಯೇ ಮನೆಗೆ ಒಯ್ದು ಹೆಂಗಸರಿಗೆ ತೋರಿಸಿ ತರುತ್ತಾರೆ. ಒಯ್ಯುವವರಿಗೆ ಎಷ್ಟು ಹಿತವಾಗಿರುತ್ತದೆ ಎಂದು ಅವತ್ತೇ ಗೊತ್ತಾಗಿದ್ದು.

ಅಕ್ಕನಿಗೆ ಫೋನ್ ಮಾಡಿ, ಹೊಸ ಪ್ಯಾಕು ಬಂದಿವೆ, ಪರೀಕ್ಷೆ ಮಾಡಲು ಹುಡುಗಿ ಬೇಕೇ ಬೇಕು ಎಂದೆ. ಭಾನುವಾರ ಬಂದಳು. ಮೊದಲನೆಯದು ಕಾರಿನ ಪ್ಯಾಕು. ಹೆಲ್ಮೆಟ್ ಹಾಕಿದ ಗೊಂಬೆಯನ್ನು ಪೀಠದ ಮೇಲೆ ನಿಲ್ಲಿಸಿದರೆ ಟಿವಿ ಮಿಸುಕಲಿಲ್ಲ. ಹಳೆಯ ಗೊಂಬೆಗಳೂ ಏಳಲಿಲ್ಲ. ಹುಡುಗಿ ವೈರು ಕಿತ್ತು ಮತ್ತೆ ಸಿಕ್ಕಿಸಿದಳು, ನಾನು ಡಬ್ಬಿಗೆ ಎರಡೇಟು ಕೊಟ್ಟೆ. ಅವತ್ತು ಮಂಡಕ್ಕಿ ತಿಂದದ್ದೇ ಬಂತು.

ಮರುದಿನ ಭಾಯಿಯ ಮುಂದೆ ಕೂಗಾಡಿದೆ. ನಿಮ್ಮ ಗೊಂಬೆ ನಮ್ಮ ಪೀಠವನ್ನೇ ಕೆಡಿಸಿತು ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಪೀಠ ಎದರ ಮ್ಯಾಲೆ ಇಟ್ಟಿದ್ರಿ?" ಎಂದರು.

ಎದರ ಮೇಲೆ ಎಂದರೆ ತಟ್ಟೆಯ ಮೇಲೆ. ನಮ್ಮ ಮನೆಗೆ ಹೊಸದು ಏನೇ ಬರಲಿ, ಅರಿಸಿನ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟು ದೇವರ ಮುಂದೆ ಹಿಡಿಯಬೇಕು. ಅವ್ವ ಗೊಂಬೆಗೆ ಕುಂಕುಮ ಇಟ್ಟು, ಪೀಠಕ್ಕೂ ಹೂವು ಏರಿಸಿ, ಅಗಲವಾದ ಸ್ಟೀಲ್ ತಟ್ಟೆ ಸಮೇತ ಟಿವಿ ಮುಂದೆ ಇರಿಸಿದ್ದಳು. ಭಾಯಿ ಹಣೆ ಚಚ್ಚಿಕೊಂಡು ನಕ್ಕರು. ಗೊಂಬೆಯ ಪಾದದಲ್ಲಿ ಸಣ್ಣ ಎಲೆಕ್ಟ್ರಾನಿಕ್ ಚಿಪ್ ಇರುತ್ತದಂತೆ. ಅದನ್ನು ಪೀಠ ಓದಬೇಕು. ಕೆಳಗೆ ಸ್ಟೀಲಿದ್ದರೆ ಓದುವುದಿಲ್ಲ. ಮನೆಗೆ ಬಂದು ತಟ್ಟೆ ತೆಗೆದೆ, ಗೊಂಬೆಗಳೆಲ್ಲ ಎದ್ದವು. ಅವ್ವನಿಗೂ ಕಾರಣ ವಿವರಿಸಿ ಹೇಳಿದೆ. ಅದೇ ನಾನು ಮಾಡಿದ ಎಡವಟ್ಟು.

ಮುಂದಿನ ಭಾನುವಾರ ಕಾರು ಓಡಿತು. "ಇದು ಬ್ಯಾಡ. ಭರ್ರಂತ ಹೋಗಿ ಭರ್ರಂತ ಮುಗೀತೈತೆ" ಎಂದು ಅವ್ವ ತೀರ್ಪು ಕೊಟ್ಟಳು. ಅದರ ಮುಂದಿನ ವಾರ ಎರಡನೆಯದು. ಅಬ್ಬಾ, ದೊಡ್ಡ ಪಟ್ಟಣ, ಒಂದು ಬೀದಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಒಬ್ಬರು ಆಡುವುದು, ಇನ್ನೊಬ್ಬರು ನೋಡುವುದು. "ಇದು ಎಷ್ಟು ದಿನ ಬರ್ತೈತೆ?" ಎಂದು ಅವ್ವ ಅಡುಗೆ ಎಣ್ಣೆಯ ಬಗ್ಗೆ ಕೇಳುವ ಹಾಗೆ ಕೇಳಿದಳು. ದೀಪಾವಳಿ ದಾಟುತ್ತದೆ ಎಂದೆ. ಅವಳ ಮುಖ ಅರಳಿತು. ನಾನೂ ಇದೇ ಸರಿ ಎಂದು ಮನಸ್ಸಿನಲ್ಲಿ ಗಂಟು ಹಾಕಿಬಿಟ್ಟೆ.

ಮೂರನೆಯದರ ಸರದಿ ಬಂದ ದಿನ ಗೊಂಬೆಗಳು ಮತ್ತೆ ಏಳಲಿಲ್ಲ. ಹುಡುಗಿ ನೀರು ಕುಡಿಯಲು ಒಳಗೆ ಹೋದಾಗ ನಾನು ಮೇಜಿನ ಹೊದಿಕೆ ಎತ್ತಿದೆ. ಅದರ ಕೆಳಗೆ, ಪೀಠದ ನೇರಕ್ಕೆ, ಸ್ಟೀಲ್ ತಟ್ಟೆ. ಅವ್ವ ಫ್ಯಾನ್ ನೋಡುತ್ತಿದ್ದಳು.

"ಅವ್ವ, ಏನಿದು?"

"ಇನ್ನೊಂದು ಭಾನುವಾರ ಬರಲಿ ಅಂತಪ್ಪ. ಬಾಯಿ ಬಿಡಬ್ಯಾಡ."

ಎಪ್ಪತ್ತು ದಾಟಿದ ಹೆಂಗಸು, ಮೊಮ್ಮಗಳನ್ನು ಇನ್ನೊಂದು ವಾರ ಹಿಡಿದಿಡಲು ತಟ್ಟೆ ಬಚ್ಚಿಡುತ್ತಾಳೆ. ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಹೊದಿಕೆಯನ್ನು ಇದ್ದ ಹಾಗೇ ಎಳೆದು ಸರಿಮಾಡಿದೆ. ಹುಡುಗಿ ಬಂದಾಗ, "ಪೀಠ ಬಿಸಿ ಆಗೈತೆ, ಮುಂದಿನ ವಾರ ನೋಡಾನ" ಎಂದು ದೊಡ್ಡ ಮೆಕ್ಯಾನಿಕ್‌ನಂತೆ ಹೇಳಿದೆ.

ಮುಂದಿನ ವಾರ ತಟ್ಟೆ ಇರಲಿಲ್ಲ. ಮೂರನೆಯ ಪ್ಯಾಕಿನಲ್ಲಿ ಬರೀ ಒಂದು ದ್ವೀಪ, ಒಂದು ದೋಣಿ. ಗೊಂಬೆಗಳು ಎರಡು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಬಂಡೆ ನೋಡಿ ದಾರಿ ಹೇಳಬೇಕು. ಅಜ್ಜಿಗೆ ಎಡ ಬಲ ತಪ್ಪಿ ದೋಣಿ ಗಿರಗಿರನೆ ಸುತ್ತಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆದರೂ ಮಧ್ಯಾಹ್ನದ ಊಟದ ಹೊತ್ತಿಗೆ ದ್ವೀಪ ಮುಗಿದಿತ್ತು.

ನಾನು ಅಂಗಡಿಯ ಗತ್ತಿನಲ್ಲಿ ತೀರ್ಮಾನಕ್ಕೆ ಕೂತೆ. ಪಟ್ಟಣದ ಪ್ಯಾಕು ಎತ್ತಿ ಹಿಡಿದು, "ಇದೇ ಇರಲಿ. ಆ ದೋಣಿ ಅರ್ಧ ದಿನಕ್ಕ ಮುಗೀತು, ಅದರಾಗೆ ಏನೈತೆ?" ಎಂದೆ. ಅವ್ವ ಹೌದೆಂದು ಜೋರಾಗಿ ತಲೆಯಾಡಿಸಿದಳು.

"ಬ್ಯಾಡ ಮಾಮ, ದೋಣೀನ ಇರಲಿ" ಎಂದಳು ಹುಡುಗಿ, ಹೋಳಿಗೆ ಮುರಿಯುತ್ತಾ. "ಪಟ್ಟಣದಾಗೆ ಅಜ್ಜಿ ಸುಮ್ನ ಕುಂತು ನೋಡಬೇಕು. ದೋಣ್ಯಾಗೆ ಇಬ್ರೂ ಬೇಕು."

"ಅದು ಮುಗೀತಲ್ಲವ್ವ?" ಎಂದಳು ಅವ್ವ. ದನಿ ಸಣ್ಣಗಾಗಿತ್ತು.

"ಮುಗಿದ್ರೆ ಮುಗೀಲಿ, ಮತ್ತೆ ಮೊದಲಿಂದ ಆಡಾದು. ಅದೂ ಬ್ಯಾಸರ ಬಂದ್ರೆ ಚೌಕಾಬಾರ ಆಡಾದು." ಹೋಳಿಗೆ ಬಾಯಿಗಿಟ್ಟುಕೊಂಡು ಅಜ್ಜಿಯ ಕಡೆ ತಿರುಗಿದಳು. "ಆಟ ಮುಗಿದ್ರೆ ನಾನು ಬರಾದಿಲ್ಲ ಅಂತ ಯಾರು ಹೇಳಿದ್ರಜ್ಜಿ ನಿನಗ?"

ನನ್ನ ಕಣ್ಣು ತುಂಬಿ ಬಂದವು. ಅವ್ವನಿಗೆ ಮಾತ್ರ ಸಿಟ್ಟು ಬಂತು.

"ಇದನ್ನ ಮೊದಲೇ ಹೇಳಾಕ ಏನಾಗಿತ್ತೇ ನಿನಗ?" ಎಂದು ಗದರಿ, ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅದು ಮುಳುಗುವಷ್ಟು ತುಪ್ಪ ಸುರಿದಳು.